ಇದ್ದಹಾಗಪ್ಪನ ಬಾಗಿದ ಪರದೆ

ಬೀದಿಯ ತಿರುವಿನಲ್ಲಿದ್ದ ಆ ಫೋಟೋ ಸ್ಟುಡಿಯೋದ ಬೋರ್ಡಿನಲ್ಲಿ ಅಂಗಡಿಯ ಹೆಸರು ಬಿಸಿಲಿಗೆ ಮಾಸಿ ಓದಲು ಬಾರದಂತಾಗಿತ್ತು. ಅದರ ಕೆಳಗಿನ ‘ಇದ್ದವರು ಇದ್ದ ಹಾಗೆ’ ಎಂಬ ಸಾಲು ಮಾತ್ರ ಫಳಫಳ ಹೊಳೆಯುತ್ತಿತ್ತು, ಏಕೆಂದರೆ ಮಾಲೀಕ ವರ್ಷಕ್ಕೊಮ್ಮೆ ಏಣಿ ಹತ್ತಿ ಆ ಒಂದು ಸಾಲಿಗೆ ಮಾತ್ರ ಕೈಯಾರೆ ಬಣ್ಣ ಬಳಿಯುತ್ತಿದ್ದ. ಹೀಗಾಗಿ ಬೀದಿಯವರು ಅಂಗಡಿಯ ಹೆಸರನ್ನು ಮರೆತರು, ಆಮೇಲೆ ಮಾಲೀಕನ ಹೆಸರನ್ನೂ ಮರೆತು ಅವನನ್ನು ಇದ್ದಹಾಗಪ್ಪ ಎಂದೇ ಕರೆಯತೊಡಗಿದರು. ಅವನಿಗೇನೂ ಬೇಸರವಾಗಲಿಲ್ಲ. ಒಳಗೊಳಗೇ ಹಿಗ್ಗಿದ.

ಆ ಸಾಲು ಅವನ ತಂದೆಯದು. ಕ್ಯಾಮೆರಾ ಹಿಡಿದವನು ಸುಳ್ಳು ಹೇಳಬಾರದು, ಹೇಳಲೇಬೇಕೆಂದರೆ ಕುಂಚ ಹಿಡಿಯಲಿ ಎಂದು ಅವರು ಹೇಳಿಹೋಗಿದ್ದರು. ಮಗ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಕೆನ್ನೆಯ ಮೇಲಿನ ನರಹುಲಿ ತೆಗೆಯಿರಿ ಎಂದು ಕೇಳಿದವರಿಗೆ ಅದು ಡಾಕ್ಟರ ಕೆಲಸ ಎಂದ. ಬೋಳುತಲೆಗೆ ಸ್ವಲ್ಪ ಕೂದಲು ಹಾಕಿಕೊಡಿ ಎಂದವರಿಗೆ ಟೋಪಿಯ ಅಂಗಡಿ ತೋರಿಸಿದ. ಬಣ್ಣ ಬೆಳಕು ಸರಿಮಾಡುತ್ತಿದ್ದನೇ ಹೊರತು ಯಾವ ಮುಖದ ಒಂದು ಗೆರೆಯನ್ನೂ ಮುಟ್ಟಿದವನಲ್ಲ. ಈ ಒಂದು ಹೆಮ್ಮೆ ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ.

ಆದರೆ ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಎದುರು ಸಾಲಿನಲ್ಲಿ ಇನ್ನೊಂದು ಸ್ಟುಡಿಯೋ ಬಂತು. ಅಲ್ಲಿಯವನು ಕೇಳಿದವರಿಗೂ ಕೇಳದವರಿಗೂ ಮುಖ ನುಣುಪು ಮಾಡಿಕೊಡುತ್ತಿದ್ದ. ಅವನ ಫೋಟೋಗಳಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಒಂದೇ ವಯಸ್ಸು. ಜನ ಅತ್ತ ಹರಿದರು. ಇತ್ತ ಇದ್ದಹಾಗಪ್ಪನ ಹೆಂಡತಿ ಕೌಂಟರಿನಲ್ಲಿ ನೊಣ ಹೊಡೆಯುತ್ತ ಕೂತಳು.

ಆ ಕೌಂಟರಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅಂಗಡಿಯನ್ನು ಒಂದು ಹಲಗೆ ಗೋಡೆ ಎರಡು ಭಾಗ ಮಾಡಿತ್ತು. ಹಿಂದಿನ ಕೋಣೆಯಲ್ಲಿ ಕ್ಯಾಮೆರಾ, ದೀಪಗಳು, ಕಂಪ್ಯೂಟರ್. ಅದು ಅವನ ರಾಜ್ಯ. ಮುಂದೆ ಪ್ರಿಂಟರ್, ಕಾಗದ ಕತ್ತರಿಸುವ ಯಂತ್ರ, ಲಕೋಟೆಗಳು, ಗಿರಾಕಿಗಳು; ಅದು ಅವಳದು. ಫೋಟೋ ಒಳಗೆ ಸಿದ್ಧವಾಗಿ ಹೊರಗೆ ಕಾಗದದ ಮೇಲೆ ಇಳಿಯುತ್ತಿತ್ತು. ಪರದೆಯ ಮೇಲೆ ಸರಿಯಿದ್ದದ್ದು ಕಾಗದದ ಮೇಲೂ ಸರಿಯಿರುತ್ತದೆ ಎಂದು ನಂಬಿದ್ದ ಇದ್ದಹಾಗಪ್ಪ ಹೊರಬಂದ ಕಾಗದವನ್ನು ಎತ್ತಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಬಾಣಸಿಗ ಬಡಿಸುವ ಕಡೆ ಬರಬಾರದು ಎಂಬುದು ಅವನ ವಾದ.

ಒಂದು ದಿನ ಹಳೆಯ ಚೌಕ ಮಾನಿಟರ್ ಒಂದು ಮದುವೆ ಆಲ್ಬಮ್ಮಿನ ನಡುವೆ ಚಿಟ್ ಎಂದು ಸದ್ದು ಮಾಡಿ ಪ್ರಾಣ ಬಿಟ್ಟಿತು. ಇದ್ದಹಾಗಪ್ಪ ಕಂಪ್ಯೂಟರ್ ಅಂಗಡಿಗೆ ಹೋದ. ಅಲ್ಲಿ ಇದ್ದದ್ದರಲ್ಲೆಲ್ಲ ದೊಡ್ಡದಾದ, ಒಳಕ್ಕೆ ಬಾಗಿದ, ಅಡ್ಡಡ್ಡ ಬೆಳೆದ ಒಂದು ಮಾನಿಟರಿನ ಮುಂದೆ ನಿಂತು, ಬಾಗಿದ ಪರದೆಯಲ್ಲಿ ನೆಟ್ಟಗಿನದು ನೆಟ್ಟಗೆ ಹೇಗೆ ಕಂಡೀತು ಎಂದು ಅನುಮಾನಪಟ್ಟ. ಮಾರುವವನು ಬಾಯಿ ಬಲ್ಲವನು. ಮನುಷ್ಯನ ಕಣ್ಣುಗುಡ್ಡೆಯೇ ಗುಂಡಗಿರುವಾಗ ಅದರ ಮುಂದೆ ಚಪ್ಪಟೆ ಪರದೆ ಇಡುವುದೇ ಅನ್ಯಾಯ ಎಂದು ಶುರುಮಾಡಿ, ಕೊನೆಗೆ ಒಂದು ಮಾತು ಹೇಳಿದ.

“ಇದರಲ್ಲಿ ಇದ್ದದ್ದು ಇದ್ದ ಹಾಗೇ ಕಾಣುತ್ತೆ ಸಾರ್.”

ಇದ್ದಹಾಗಪ್ಪ ಆ ಮಾತಿಗೆ ಬಿದ್ದ. ಅವನನ್ನು ಬೀಳಿಸಲು ಲೋಕದಲ್ಲಿ ಇದ್ದ ಮಾತು ಅದೊಂದೇ.

ಮಾನಿಟರ್ ಬಂದಾಗ ಅದರ ಪೆಟ್ಟಿಗೆ ಬಾಗಿಲಲ್ಲಿ ಹಿಡಿಸಲಿಲ್ಲ; ಓರೆ ಮಾಡಿ, ಎತ್ತಿ, ಹಲಗೆ ಗೋಡೆಗೆ ಒಂದು ಗೀರು ಹಾಕಿ ಒಳಗೆ ತಂದರು. ಮೇಜಿನ ಮೇಲೆ ಇಟ್ಟರೆ ಅದರ ಎರಡೂ ತುದಿ ಮೇಜಿನಿಂದ ಹೊರಗೆ ಚಾಚಿದವು. ಅದರ ಜೊತೆ ಬಂದ ವೈರು ಹಳೆಯ ಕಂಪ್ಯೂಟರಿಗೆ ಕೂಡಲಿಲ್ಲವಾದ್ದರಿಂದ ಮಾರಿದವನು ಹಳೆಯ ವೈರನ್ನೇ ಸಿಕ್ಕಿಸಿದ. ಚಿತ್ರ ಈ ಕೊನೆಯಿಂದ ಆ ಕೊನೆಯವರೆಗೆ ಇಡೀ ಪರದೆ ತುಂಬಿಕೊಂಡಿತು. ತುಂಬಿತಲ್ಲ, ಇನ್ನೇನು ಎಂದು ಅವನು ಹೊರಟುಹೋದ.

ಇದ್ದಹಾಗಪ್ಪ ಕುರ್ಚಿ ಎಳೆದು ಕೂತ. ಎರಡೂ ಕಡೆಯಿಂದ ಪರದೆ ಅವನನ್ನು ಅಪ್ಪಿಕೊಳ್ಳುವಂತೆ ಬಾಗಿತ್ತು. ಬಹಳ ಸುಖವಾಯಿತು. ಮೊದಲು ತೆರೆದದ್ದು ಅಂಚೆಯವನ ಫೋಟೋ. ಅಂಚೆಯವನು ಕಡ್ಡಿಯಂಥ ಮನುಷ್ಯ. ಪರದೆಯ ಮೇಲೆ ಅವನ ಕೆನ್ನೆ ತುಂಬಿಕೊಂಡು, ಕತ್ತು ದಪ್ಪವಾಗಿ, ಅನುಕೂಲಸ್ಥರ ಮನೆಯ ಅಳಿಯನಂತೆ ಕಂಡ. ಪಾಪ, ಮೈ ಕೈ ತುಂಬಿಕೊಂಡಿದ್ದಾನೆ ಎಂದು ಇದ್ದಹಾಗಪ್ಪ ಸಂತೋಷಪಟ್ಟ. ಎರಡನೆಯದು ದರ್ಜಿಯ ಮಗಳದು. ಅವಳೂ ತುಂಬಿಕೊಂಡಿದ್ದಳು. ಮೂರನೆಯದರಲ್ಲಿ ಒಂದು ಇಡೀ ಕುಟುಂಬ ಊದಿಕೊಂಡಿತ್ತು, ಅವರ ಮಡಿಲಿನ ಬೆಕ್ಕೂ ಸೇರಿ.

ಅವನು ಮಾರಿದವನಿಗೆ ಫೋನು ಮಾಡಿದ. ಎಲ್ಲರೂ ದೊಡ್ಡದಾಗಿ ಕಾಣುತ್ತಾರೆ ಎಂದರೆ, ದೊಡ್ಡ ಪರದೆಯಲ್ಲವೇ ಸಾರ್, ಇನ್ನು ಹೇಗೆ ಕಾಣಬೇಕು ಎಂದು ಆ ಕಡೆಯಿಂದ ನಗು ಬಂತು.

ಎಲ್ಲೋ ತಪ್ಪಿರಬೇಕು, ಆದರೆ ಹೊಸ ಮಾನಿಟರಿನಲ್ಲಿ ಅಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುವಂಥದು. ಹಾಗಾದರೆ ಲೆನ್ಸು. ತಂದೆಯ ಕಾಲದಿಂದ ನೆಚ್ಚಿಕೊಂಡ ಲೆನ್ಸಿಗೆ ವಯಸ್ಸಾಗಿ ಅದು ಜನರನ್ನು ಅಗಲ ಮಾಡುತ್ತಿದೆ, ಇಷ್ಟು ದಿನ ಆ ಹಳೆಯ ಚೌಕ ಮಾನಿಟರ್ ಅದನ್ನು ಮುಚ್ಚಿಟ್ಟಿತ್ತು! ಹಳೆಯ ಫೋಟೋಗಳನ್ನು ತೆರೆದು ನೋಡಿದ, ಅವೂ ಅಗಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಇವನು ತನ್ನ ಕಾಲನ್ನು ಬೈದುಕೊಂಡ.

ಒಂದು ಇಡೀ ಬೆಳಿಗ್ಗೆ ಅವನು ತನ್ನೊಂದಿಗೇ ವಾದ ಮಾಡಿದ. ಫೋಟೋವನ್ನು ಎರಡೂ ಬದಿಯಿಂದ ಒಳಕ್ಕೆ ಒತ್ತಿದರೆ ಜನ ಸರಿಹೋಗುತ್ತಾರೆ. ಆದರೆ ಒತ್ತುವುದು ತಿದ್ದುವುದಲ್ಲವೇ? ತಿದ್ದುವುದೇ ಹೌದು, ಆದರೆ ಲೆನ್ಸು ಸೇರಿಸಿದ ಸುಳ್ಳನ್ನು ಕಳೆದರೆ ಉಳಿಯುವುದು ನಿಜವೇ ತಾನೇ. ಊಟದ ಹೊತ್ತಿಗೆ ಮನಸ್ಸು ಒಪ್ಪಿತು. ಅಂದಿನಿಂದ ಅವನು ಪ್ರತಿಯೊಬ್ಬರನ್ನೂ ತಾನು ಕಣ್ಣಾರೆ ಕಂಡ ಅಗಲಕ್ಕೆ ಬರುವವರೆಗೆ ಹದವಾಗಿ ಒತ್ತಿದ. ಕಣ್ಣಳತೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಕಣ್ಣಳತೆಯೇ ಮುಳುವಾಯಿತು, ಏಕೆಂದರೆ ಅವನು ಪರದೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಸರಿಮಾಡಿದವರೆಲ್ಲ ಹೊರಗೆ ಕಾಗದದ ಮೇಲೆ ಮುಕ್ಕಾಲು ಪಾಲಾಗಿ ಇಳಿದರು.

ಮೊದಲು ಕುಣಿದಾಡಿದವರು ಬೇಕರಿ ಯಜಮಾನರು. ಅವರು ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತರೆ ಒಳಗಿನ ಬ್ರೆಡ್ಡು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಅಂಥವರು ಲಕೋಟೆ ಬಿಚ್ಚಿ ನೋಡಿ, ಮತ್ತೆ ನೋಡಿ, ಇದು ನಾನೇ ಹೌದು ಎಂದು ಕೌಂಟರಿನವಳಿಗೇ ತಿಳಿಹೇಳಿದರು. ಫೋಟೋಕ್ಕೆ ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದರು. ಬಂದ ಗಿರಾಕಿಗಳು ನಿಮ್ಮ ತಮ್ಮನಾ ಎಂದು ಕೇಳಿದರೆ, ನಾನೇ, ಎದುರು ಸ್ಟುಡಿಯೋದವನಿಗೆ ಇಷ್ಟು ದಿನ ತೆಗೆಯಲು ಬರುತ್ತಿರಲಿಲ್ಲ ಅಷ್ಟೇ ಎನ್ನುತ್ತಿದ್ದರು. ಎದುರಿನವನು ಮುಖ ನುಣುಪು ಮಾಡಬಲ್ಲವನಾಗಿದ್ದ, ಹೊಟ್ಟೆ ಕರಗಿಸುವುದು ಅವನ ಕೈಯಲ್ಲೂ ಆಗಿರಲಿಲ್ಲ.

ಸುದ್ದಿಗೆ ಕಾಲು ಬಂತು. ‘ಇದ್ದವರು ಇದ್ದ ಹಾಗೆ’ ಎಂದು ಬೋರ್ಡು ಬೇರೆ ಇತ್ತಲ್ಲ! ಮುಖ ತಿದ್ದುವ ಅಂಗಡಿಯಲ್ಲಿ ತೆಳ್ಳಗೆ ಬಂದರೆ ಯಾರೂ ನಂಬುವುದಿಲ್ಲ, ಈ ಹಟಮಾರಿಯ ಅಂಗಡಿಯಲ್ಲಿ ತೆಳ್ಳಗೆ ಬಂದರೆ ಅದಕ್ಕೆ ಸರ್ಕಾರಿ ಮುದ್ರೆ ಬಿದ್ದ ಹಾಗೆ. ಶಾಲೆಯ ದೊಡ್ಡ ಮೇಡಂ ಬಂದರು, ಬಸ್ ಡಿಪೋದ ಡ್ರೈವರುಗಳು ಬಂದರು, ಇಪ್ಪತ್ತು ವರ್ಷದಿಂದ ಕ್ಯಾಮೆರಾ ಕಂಡರೆ ಬೇರೆಯವರ ಹಿಂದೆ ಅಡಗುತ್ತಿದ್ದ ದೊಡ್ಡಮ್ಮಂದಿರು ಬಂದು ಮುಂದಿನ ಸಾಲಿನಲ್ಲಿ ನಿಂತರು. ಪಕ್ಕದ ಬೀದಿಯ ಜಿಮ್ ನಡೆಸುವವನು, ಪೈಲ್ವಾನ ಎಂದೇ ಹೆಸರಾದವನು, ತನ್ನ ಬಳಿ ಕಸರತ್ತು ಮಾಡುವವರ ಫೋಟೋಗಳನ್ನು, ಅವರು ಜಿಮ್ ಸೇರುವಾಗ, ಎದುರು ಸ್ಟುಡಿಯೋದಲ್ಲಿ ತೆಗೆಸಿದ್ದ. ತಿಂಗಳ ನಂತರದ ಫೋಟೋಗಳನ್ನು ಇಲ್ಲಿ ತೆಗೆಸಿದ. ಎರಡನ್ನೂ ಅಕ್ಕಪಕ್ಕ ಹಚ್ಚಿದಾಗ ಅವನಿಗೇ ತನ್ನ ವಿದ್ಯೆಯ ಮೇಲೆ ಭಯಭಕ್ತಿ ಹುಟ್ಟಿತು. ಜಿಮ್ಮಿನಲ್ಲಿ ನಿಲ್ಲಲು ಜಾಗವಿಲ್ಲದಾಯಿತು.

ಒಳಗೆ ಕೂತ ಇದ್ದಹಾಗಪ್ಪ ಇದಕ್ಕೆಲ್ಲ ತನ್ನದೇ ಅರ್ಥ ಕಟ್ಟಿಕೊಂಡ. ಕೊನೆಗೂ ಜನಕ್ಕೆ ನಿಜದ ಬೆಲೆ ತಿಳಿಯಿತು! ಊಟಕ್ಕೆ ಕೂತಾಗಲೆಲ್ಲ ಹೆಂಡತಿಗೆ ಅದನ್ನೇ ಹೇಳುತ್ತಿದ್ದ. ತಂದೆ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಎನ್ನುವಾಗ ಅವನ ಕಣ್ಣು ಒದ್ದೆಯಾಗುತ್ತಿತ್ತು. ಅವಳು ಹೂಂ ಎಂದು ತಟ್ಟೆ ನೋಡುತ್ತಿದ್ದಳು.

ಈ ನಡುವೆ ಅವಳಿಗೆ ಸ್ಕೂಟರ್ ಓಡಿಸುವ ಲೈಸೆನ್ಸಿಗೆ ಒಂದು ಫೋಟೋ ಬೇಕಾಯಿತು. ಇಷ್ಟು ವರ್ಷದಲ್ಲಿ ಅವಳು ಗಂಡನ ಕ್ಯಾಮೆರಾದ ಮುಂದೆ ಮನಸಾರೆ ಕೂತವಳಲ್ಲ. ಅವನು ಇದ್ದ ಹಾಗೆ ತೆಗೆಯುತ್ತಾನೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದು ಮಾತ್ರ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು, ಸ್ಟೂಲಿನ ಮೇಲೆ ತಾನಾಗಿಯೇ ಬಂದು ಕೂತಳು. ಲೈಸೆನ್ಸಿನ ಫೋಟೋಕ್ಕೆ ನಗಬಾರದು ಎಂದು ಅವನು ಹೇಳಿದ. ತುಟಿ ಬಿಗಿಹಿಡಿದಳು, ಆದರೆ ಕಣ್ಣಿನಿಂದ ನಗು ಉಕ್ಕಿಬಂತು. ಅವನು ಹಾಗೆಯೇ ತೆಗೆದ.

ಮಾರನೆಯ ದಿನದಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು. ಚಹಾ ಬರುತ್ತಿತ್ತು, ಆರಿ ಬರುತ್ತಿತ್ತು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಗೋಡೆಯ ಕಡೆ ತಿರುಗಿಕೊಂಡು ಬರುತ್ತಿತ್ತು. ಏನು ತಪ್ಪು ಮಾಡಿದೆ ಎಂದು ಇದ್ದಹಾಗಪ್ಪ ತಲೆ ಕೆರೆದುಕೊಂಡ. ಮದುವೆಯಾದ ದಿನ ಮರೆತೆನೇ? ಅದು ಬರಲು ಇನ್ನೂ ಬಹಳ ದಿನ ಇತ್ತು. ಅವಳ ತಮ್ಮನ ಬಗ್ಗೆ ಏನಾದರೂ ಅಂದೆನೇ? ಅಂದಿದ್ದ, ಆದರೆ ಅದು ಪ್ರತಿದಿನ ಅನ್ನುವಂಥದೇ. ಕೊನೆಗೆ, ವಯಸ್ಸಾಗುತ್ತಿದೆ, ಹೀಗೆಲ್ಲ ಇರುತ್ತದೆ ಎಂದುಕೊಂಡು ಸುಮ್ಮನಾದ.

ಹೀಗಿರುವಾಗ ಒಂದು ಬೆಳಿಗ್ಗೆ ಪೈಲ್ವಾನ ಬಾಗಿಲು ತಳ್ಳಿಕೊಂಡು ಬಂದ. ಹಿಂದಿನ ದಿನ ಅವನು ತನ್ನದೇ ಫೋಟೋ ತೆಗೆಸಿದ್ದ. ಜಿಮ್ಮಿನ ಬಾಗಿಲಿಗೆ ಆಳೆತ್ತರಕ್ಕೆ ಹಾಕಿಸಲು, ತೋಳು ಮಡಚಿ ಎದೆಯುಬ್ಬಿಸಿ ನಿಂತದ್ದು. ಕೌಂಟರಿನವಳು ಅಡ್ಡ ಬಂದರೂ ಕೇಳದೆ ಹಲಗೆ ಗೋಡೆ ದಾಟಿ ಒಳಕ್ಕೇ ನುಗ್ಗಿ, ಕಾಗದವನ್ನು ಇದ್ದಹಾಗಪ್ಪನ ಮುಂದೆ ಹಿಡಿದ.

“ಅಣ್ಣಾ, ನನ್ನ ಭುಜ ಎಲ್ಲಿ?”

ಇದ್ದಹಾಗಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ. ಮಾನಿಟರ್ ಬಂದ ಮೇಲೆ ಅವನು ಒಂದು ಕಾಗದವನ್ನು ಕೈಯಲ್ಲಿ ಹಿಡಿದು ನೋಡಿದ್ದು ಅದೇ ಮೊದಲು. ಅದರಲ್ಲಿ ಒಬ್ಬ ಉದ್ದನೆಯ, ಬಡಕಲು, ಬಹಳ ದಿನ ಜ್ವರ ಬಂದು ಎದ್ದಂಥ ಯುವಕ ತೋಳು ಮಡಚಿ ನಿಂತಿದ್ದ.

“ಹತ್ತು ವರ್ಷ ಮೊಟ್ಟೆ ತಿಂದು ಕಬ್ಬಿಣ ಎತ್ತಿ ಕಟ್ಟಿದ ಮೈ ಇದು,” ಎಂದ ಪೈಲ್ವಾನ. “ಒಂದೇ ದಿನದಲ್ಲಿ ಕರಗಿಸಿಬಿಟ್ರಲ್ಲ.”

ಇದ್ದಹಾಗಪ್ಪ ಅದೇ ಫೋಟೋವನ್ನು ಪರದೆಯ ಮೇಲೆ ತೆರೆದ. ಅಲ್ಲಿ ಪೈಲ್ವಾನ ಪೈಲ್ವಾನನ ಹಾಗೇ ಇದ್ದ. ಇದು ನಾನು ಎಂದು ಪೈಲ್ವಾನನೂ ಒಪ್ಪಿದ, ಆದರೆ ಕಾಗದದಲ್ಲಿರುವವನು ಯಾರು ಎಂಬುದು ಅವನ ಪ್ರಶ್ನೆ. ಹಾಗಾದರೆ ತಪ್ಪು ಪ್ರಿಂಟರಿನದು ಎಂದು ಇದ್ದಹಾಗಪ್ಪ ಹೊರಗೆ ಕೇಳುವಂತೆ ಹೇಳಿದ. ಪ್ರಿಂಟರಿನ ತಂಟೆಗೆ ಬರಬೇಡಿ ಎಂದು ಹಲಗೆಯ ಆಚೆಯಿಂದ ಉತ್ತರ ಬಂತು. ಬಹಳ ದಿನದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಅವನು ತನ್ನ ಕಸುಬನ್ನು ಬಲ್ಲವನು. ಮನುಷ್ಯರನ್ನು ನಂಬಿದರೆ ಬಗೆಹರಿಯುವುದಿಲ್ಲ ಎಂದು ಕ್ಯಾಮೆರಾ ಎತ್ತಿ ಗೋಡೆಯ ಗಡಿಯಾರದ ಒಂದು ಫೋಟೋ ತೆಗೆದ. ಅದನ್ನು ಎಲ್ಲೂ ಒತ್ತದೆ, ಮುಟ್ಟದೆ, ಹಾಗೇ ಕಾಗದಕ್ಕೆ ಇಳಿಸಿದ. ಕಾಗದದ ಮೇಲೆ ಗಡಿಯಾರ ದುಂಡಗಿತ್ತು. ಪರದೆಯ ಮೇಲೆ ಅದೇ ಗಡಿಯಾರ ಮಲಗಿಸಿದ ಮೊಟ್ಟೆಯಂತಿತ್ತು. ಲೆನ್ಸು ಸುಳ್ಳು ಹೇಳಿರಲಿಲ್ಲ, ಪ್ರಿಂಟರೂ ಹೇಳಿರಲಿಲ್ಲ. ಇದ್ದಹಾಗಪ್ಪ ಕಾಗದವನ್ನೂ ಪರದೆಯನ್ನೂ ಪೈಲ್ವಾನನನ್ನೂ ಒಂದೊಂದು ಸಲ ನೋಡಿ, ಕುರ್ಚಿಯಲ್ಲಿ ಕುಸಿದ.

ಆಗ ಹೆಂಡತಿ ಒಳಗೆ ಬಂದಳು.

“ಸರೀರಿ,” ಎಂದು ಅವನ ಕೈಯಿಂದ ಮೌಸ್ ತೆಗೆದುಕೊಂಡಳು. ಎಲ್ಲೋ ಒತ್ತಿದಳು, ಒಂದು ಪಟ್ಟಿ ತೆರೆದಳು, ಅದರಲ್ಲಿ ಇನ್ನೂ ಹಳೆಯ ಚೌಕ ಮಾನಿಟರಿನದೇ ಉಳಿದಿದ್ದ ಪರದೆಯ ಅಳತೆಯನ್ನು ಬದಲಾಯಿಸಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಗಡಿಯಾರ ದುಂಡಗಾಗಿತ್ತು. ಅದರ ಪಕ್ಕದಲ್ಲಿ ಪೈಲ್ವಾನ ಜ್ವರದಿಂದ ಎದ್ದವನಂತೆ ತೋಳು ಮಡಚಿ ನಿಂತಿದ್ದ.

“ನಿನಗೆ ಇದು ಹೇಗೆ ಗೊತ್ತು?” ಎಂದು ಇದ್ದಹಾಗಪ್ಪ ಕೇಳಿದ.

ಮಧ್ಯಾಹ್ನ ಅವನು ಒರಗಿದಾಗ ಆಲ್ಬಮ್ಮಿನ ಹೊದಿಕೆಗಳನ್ನು ಅದೇ ಕಂಪ್ಯೂಟರಿನಲ್ಲಿ ಅವಳು ಮಾಡುತ್ತಿದ್ದಳು. ಮಾನಿಟರ್ ಬಂದ ವಾರವೇ ಒಂದು ಹೊದಿಕೆಯಲ್ಲಿ ಮದುಮಕ್ಕಳ ಸುತ್ತ ದುಂಡನೆಯ ಗೆರೆ ಎಳೆಯಲು ಹೋಗಿ, ಅದು ಮೊಟ್ಟೆಯಾದದ್ದನ್ನು ಕಂಡು, ಹುಡುಕಿ ಸರಿಮಾಡಿದ್ದಳು. ಸರಿಮಾಡಿ ಏಳುವ ಹೊತ್ತಿಗೆ ಹೊರಗೆ ಬೇಕರಿ ಯಜಮಾನರು, ಇಡೀ ಸಂಸಾರದ ಫೋಟೋ ತೆಗೆಸಬೇಕು ಎಂದು ಕೂಗುವುದು ಕೇಳಿಸಿತ್ತು. ಅವರ ದನಿಯಲ್ಲಿದ್ದ ಸಂತೋಷ ಕೇಳಿ, ಮತ್ತೆ ಕೂತು, ಮೊದಲಿನ ಹಾಗೇ ಕೆಡಿಸಿಟ್ಟಿದ್ದಳು. ಇದನ್ನೆಲ್ಲ ಅವಳು ಮಿಣ್ಣಗೆ, ತರಕಾರಿ ತಂದ ಲೆಕ್ಕ ಒಪ್ಪಿಸುವಂತೆ ಹೇಳಿ ಮುಗಿಸಿದಳು.

ಪೈಲ್ವಾನನ ತಲೆಯಲ್ಲಿ ಏನೋ ನಿಧಾನವಾಗಿ ತಿರುಗಿತು. ತನ್ನ ಜಿಮ್ಮಿನ ಗೋಡೆ, ಅದರ ಮೇಲಿನ ಜೋಡಿ ಫೋಟೋಗಳು, ದಿನ ಬೆಳಗಾದರೆ ಬಾಗಿಲಲ್ಲಿ ನಿಲ್ಲುವ ಜನ, ಎಲ್ಲ ಕಣ್ಣ ಮುಂದೆ ಬಂದಿರಬೇಕು. ಅವನ ದನಿ ತಗ್ಗಿತು.

“ಅಣ್ಣಾ, ನಂದೊಂದು ಸರಿಮಾಡಿ ಸಾಕು. ಉಳಿದವ್ರದ್ದು ಹಾಗೇ ಇರ್ಲಿ.”

ಅವನು ಹೋದ ಮೇಲೆ ಗಂಡಹೆಂಡಿರಿಗೆ ಜಗಳವಾಯಿತು. ತಂದೆಯ ಸಾಲಿಗೆ ಮಸಿ ಬಳಿದೆ, ನನ್ನ ಕೈಯಿಂದಲೇ ಬಳಿಸಿದೆ ಎಂದು ಅವನು ಅಂದ. ನಿಮ್ಮ ಕೈಯನ್ನು ನಾನು ಹಿಡಿದು ಒತ್ತಿಸಲಿಲ್ಲ, ಒಂದು ದಿನವಾದರೂ ಹೊರಗೆ ಬಂದು ಕಾಗದ ನೋಡಿದ್ದರೆ ಗೊತ್ತಾಗುತ್ತಿತ್ತು ಎಂದು ಅವಳು ಅಂದಳು. ಜನಕ್ಕೆ ಮೋಸವಾಯಿತು ಎಂದರೆ, ಜನಕ್ಕೆ ಸಂತೋಷವಾಯಿತು ಎಂದಳು. ಜಗಳ ಮುಗಿಯಲಿಲ್ಲ. ಇದ್ದಹಾಗಪ್ಪ ಒಂದು ದೊಡ್ಡ ಹಾಳೆ ತೆಗೆದು, ಇತ್ತೀಚೆಗೆ ಇಲ್ಲಿ ಫೋಟೋ ತೆಗೆಸಿದವರು ತಾವು ಇರುವುದಕ್ಕಿಂತ ತೆಳ್ಳಗೆ ಬಂದಿದ್ದಾರೆ, ದಯವಿಟ್ಟು ಬಂದು ಸರಿಯಾದ ಫೋಟೋ ಪಡೆಯಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ.

ಜನ ನಿಂತು ಓದಿದರು. ಓದಿ, ಇದು ಬೇರೆ ಯಾರಿಗೋ ಬರೆದದ್ದು ಎಂಬಂತೆ ಬೇಗಬೇಗನೆ ಮುಂದೆ ನಡೆದರು. ಶಾಲೆಯ ದೊಡ್ಡ ಮೇಡಂ ಮರುದಿನದಿಂದ ಎದುರು ಬದಿಯಲ್ಲಿ ಓಡಾಡತೊಡಗಿದರು. ಫೋಟೋ ಬದಲಿಸಿಕೊಳ್ಳಲು ಬಂದವನು ಅಂಚೆಯವನೊಬ್ಬನೇ. ಆ ಫೋಟೋ ನೋಡಿದ ದಿನದಿಂದ ಮನೆಯವರು ತನ್ನನ್ನು ಎರಡು ಸಲ ಡಾಕ್ಟರ ಬಳಿ ಎಳೆದೊಯ್ದಿದ್ದಾರೆ ಎಂದು ಅವನು ಹೇಳಿಕೊಂಡ.

ಕೊನೆಗೆ ಬೇಕರಿ ಯಜಮಾನರು ಒಂದು ಪೊಟ್ಟಣ ಬನ್ನಿನೊಂದಿಗೆ ಬಂದರು. ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿದರು.

“ಆ ಹಾಳೆ ತೆಗೀರಿ ಮಾರಾಯ್ರೆ. ಆ ಫೋಟೋ ಹಾಕಿದಾಗಿನಿಂದ ನಾನು ದಿನಾ ಬೆಳಿಗ್ಗೆ ಕೆರೆ ಸುತ್ತ ನಡೀತಿದೀನಿ. ಬೆಲ್ಟಿಗೆ ಹೊಸ ತೂತು ಹಾಕ್ಸಿದೀನಿ, ಒಳಗಡೆಗೆ. ಇನ್ನೊಂದು ವರ್ಷ ಸುಮ್ಮನಿರಿ, ಫೋಟೋ ನಿಜ ಆಗುತ್ತೆ.”

ಅವರು ಹೋದ ಮೇಲೆ ಇದ್ದಹಾಗಪ್ಪ ಎದ್ದು ಹಾಳೆಯನ್ನು ಕಿತ್ತ. ಹಾಳೆ ಕಿತ್ತ ಮೇಲೆ ತಲೆಯೆತ್ತಿ ಬೋರ್ಡು ನೋಡಿದ. ನಿಜ ಹೇಳಿದಾಗ ಬಾರದ ಜನ ಸುಳ್ಳು ಹೇಳಿದಾಗ ಬಂದರು. ಸುಳ್ಳು ಎಂದು ಹೇಳಿದರೂ ಅದನ್ನೇ ಇಟ್ಟುಕೊಂಡರು. ಇನ್ನು ಆ ಸಾಲು ಯಾರಿಗಾಗಿ? ಏಣಿ ತಂದು ಗೋಡೆಗೆ ಒರಗಿಸಿ, ಸ್ಕ್ರೂ ಬಿಚ್ಚುವ ಸಲಕರಣೆ ಹಿಡಿದು ಹತ್ತಿದ. ಮೊದಲ ಸ್ಕ್ರೂ ಬಿಚ್ಚುತ್ತಿದ್ದಂತೆ ಬೋರ್ಡು ಒಂದು ಕಡೆ ವಾಲಿತು. ಅವನಿಗೆ ಅಳು ಬಂತು. ನಲವತ್ತು ದಾಟಿದ ಗಂಡಸು ಹಾಡಹಗಲು ಏಣಿಯ ಮೇಲೆ ನಿಂತು ಮೂಗು ಒರೆಸಿಕೊಂಡ.

ಕೆಳಗೆ ಯಾರೋ ಏಣಿ ಹಿಡಿದಂತಾಯಿತು. ಹೆಂಡತಿ.

“ಇಳೀರಿ. ಬೋರ್ಡು ಪೂರ್ತಿ ಸುಳ್ಳಲ್ಲ. ಒಂದು ಫೋಟೋ ಇದ್ದ ಹಾಗೇ ಬಂದಿದೆ.”

ಅವಳು ಸೆರಗಿನ ಮರೆಯಿಂದ ಒಂದು ಸಣ್ಣ ಫೋಟೋ ತೆಗೆದು ಮೇಲಕ್ಕೆ ಚಾಚಿದಳು. ಲೈಸೆನ್ಸಿಗೆಂದು ತೆಗೆದದ್ದು. ಅದರಲ್ಲಿ ಅವಳು ಅವಳ ಹಾಗೇ ಇದ್ದಳು. ದುಂಡು ಮುಖ, ಗದ್ದದ ಕೆಳಗೆ ಇನ್ನೊಂದು ಗದ್ದ, ಬಿಗಿಹಿಡಿದ ತುಟಿ, ಹಿಡಿತಕ್ಕೆ ಸಿಗದ ಕಣ್ಣು. ಇದ್ದಹಾಗಪ್ಪ ಒಂದು ಮೆಟ್ಟಿಲು ಇಳಿದು ಅದನ್ನು ನೋಡಿದ.

“ಊರಿನವರನ್ನೆಲ್ಲ ಸಣ್ಣ ಮಾಡಿದ್ರಿ,” ಎಂದಳು ಅವಳು. “ಆ ಮನೆಯವ್ರ ಬೆಕ್ಕನ್ನೂ ಸಣ್ಣ ಮಾಡಿದ್ರಿ. ನನ್ನ ಸರದಿ ಬರ್ಲಿ ಅಂತ ಬಾಯಿಗೆ ಬೀಗ ಹಾಕ್ಕೊಂಡು ಕಾದೆ. ನನ್ನೊಬ್ಬಳನ್ನ ಮುಟ್ಟಲಿಲ್ಲ ನೀವು. ಆ ಪರದೆ ಮೇಲೆ ನಾನು ಬಾಗಿಲಿನಷ್ಟು ಅಗಲ ಕಂಡಿರ್ಬೇಕು. ನಿಮ್ಮ ಕಣ್ಣಿಗೆ ಅದು ಸರಿಯಾಗೇ ಇತ್ತಾ?”

ಚಹಾ ಆರಿದ್ದೇಕೆ, ಮಾತು ನಿಂತದ್ದೇಕೆ, ಗೋಡೆಯ ಕಡೆ ತಿರುಗಿದ್ದೇಕೆ ಎಂಬುದು ಅವನಿಗೆ ಆಗ ತಿಳಿಯಿತು. ಜಾಣ ಗಂಡನಾಗಿದ್ದರೆ ಇಲ್ಲಿ ಒಂದು ಒಳ್ಳೆಯ ಸುಳ್ಳು ಹೇಳಿ ಬಚಾವಾಗುತ್ತಿದ್ದ. ಇವನಿಗೆ ಆ ವಿದ್ಯೆ ಇರಲಿಲ್ಲ. ಏಣಿಯ ಮೇಲೇ ನಿಂತು, ಆ ದಿನ ಪರದೆಯ ಮುಂದೆ ತಾನು ಏನು ಮಾಡಿದೆನೆಂದು ನೆನಪು ಮಾಡಿಕೊಂಡ.

“ಅಗಲ ನೋಡಲೇ ಇಲ್ಲ ಕಣೆ,” ಎಂದ. “ನೀನು ನಗ್ತಿದ್ದೆ. ಅದನ್ನೇ ನೋಡ್ತಾ ಕೂತೆ. ಸರಿಮಾಡೋಕೆ ಏನಾದ್ರೂ ಇದೆ ಅಂತ ಅನ್ನಿಸ್ಲೇ ಇಲ್ಲ.”

ಆ ನಗು ಏಕೆ ಬಂದಿತ್ತು ಎಂಬುದು ಅವಳಿಗೆ ಗೊತ್ತಿತ್ತು. ತೆಳ್ಳಗಾಗಿ ಬರುತ್ತೇನೆಂಬ ಕಳ್ಳ ಸಂತೋಷಕ್ಕೆ ಬಂದ ನಗು ಅದು. ಹೇಳಲು ಬಾಯಿ ತೆರೆದಳು, ಯಾಕೋ ಹೇಳದೆ ಮುಚ್ಚಿದಳು. ಏಣಿಯನ್ನು ಮಾತ್ರ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

“ದಿನಾ ಒಂದು ಸಲ ತೆಗೆದು ನೋಡ್ತಿದ್ದೆ,” ಎಂದು ಅವನು ಇಳಿಯುತ್ತ ಹೇಳಿದ. “ಈ ಗಲಾಟೆಯಲ್ಲಿ ನಾಲ್ಕು ದಿನದಿಂದ ನೋಡಿಲ್ಲ. ಬಾ, ತೋರಿಸ್ತೀನಿ.”

ಬೋರ್ಡು ವಾಲಿಕೊಂಡೇ ಇತ್ತು. ಇಬ್ಬರೂ ಒಳಗೆ ಹೋದರು. ಅವನು ಕುರ್ಚಿಯಲ್ಲಿ ಕೂತ, ಅವಳು ಬೆನ್ನ ಹಿಂದೆ ನಿಂತಳು. ಬಾಗಿದ ಪರದೆ ಇಬ್ಬರನ್ನೂ ಒಂದೇ ತೆಕ್ಕೆಗೆ ತೆಗೆದುಕೊಂಡಿತು. ಅವನು ಫೋಟೋ ತೆರೆದ. ಅಳತೆ ಸರಿಯಾದ ಪರದೆಯ ಮೇಲೆ ಅವಳು ತನ್ನ ನಿಜವಾದ ಅಗಲದಲ್ಲಿ ಮೂಡಿದಳು, ಕೈಯಲ್ಲಿದ್ದ ಕಾಗದದಲ್ಲಿ ಇದ್ದಷ್ಟೇ, ಹಿಂದೆ ನಿಂತಿದ್ದಷ್ಟೇ.

ಇದ್ದಹಾಗಪ್ಪ ಮುಂದಕ್ಕೆ ಬಾಗಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅವನ ಮುಖದಲ್ಲಿ ನಿಜವಾದ ಗಾಬರಿ ಕಾಣಿಸಿತು. ತಿರುಗಿ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಯಾಕೆ ಇಷ್ಟು ಸೊರಗಿದೀಯ? ಊಟ ಸರಿಯಾಗಿ ಮಾಡ್ತಿದೀಯೋ ಇಲ್ವೋ?”

ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತಳು. ಎರಡು ಗದ್ದವೂ ಕುಲುಕಿದವು, ಕಣ್ಣಲ್ಲಿ ನೀರು ಬಂತು. ಏನಾಯಿತು ಎಂದು ಅವನು ಕೇಳಿದ. ಅವಳಿಗೆ ಹೇಳಲಾಗಲಿಲ್ಲ. ಅವನು ಮತ್ತೆ ಕೇಳಲಿಲ್ಲ, ಅಲುಗಾಡಬೇಡ ಎಂದು ಹೇಳಿ ಕ್ಯಾಮೆರಾ ಎತ್ತಿಕೊಂಡ.